ಎರಡು ಮಿಲಿಮೀಟರ್ ಗಾಂಧಾರ: ನಡುವಯಸ್ಸಿನಲ್ಲಿ ಪಿಟೀಲು ಕಲಿಯುವವರಿಗೆ ಟಿಪ್ಪಣಿ

ನಾನು ಪಿಟೀಲು ಹಿಡಿದಾಗ ವಯಸ್ಸು ನಲವತ್ತಮೂರು. ಬದಿಯಡ್ಕದ ಹತ್ತಿರ ನಮ್ಮ ಅಡಿಕೆ ತೋಟ. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಕಾಸರಗೋಡು ಪೇಟೆಗೆ ಹೋದರೆ ಒಂದು ಗಂಟೆ ಪಾಠ. ಸೋಮವಾರದಿಂದ ಶನಿವಾರದವರೆಗೆ ಮಾಷ್ಟ್ರು ಇಲ್ಲ, ನಾನೂ ಶ್ರುತಿ ಪೆಟ್ಟಿಗೆಯೂ ಅಷ್ಟೆ. ಸೋಮವಾರ ತಪ್ಪಿದ ಜಾಗದಲ್ಲಿ ಕೂತ ಬೆರಳು ಶನಿವಾರದ ಹೊತ್ತಿಗೆ ಅಲ್ಲೇ ಮನೆ ಮಾಡಿಕೊಂಡಿರುತ್ತದೆ. ಮರುದಿನದ ಪಾಠದಲ್ಲಿ ಅರ್ಧ ಹೊತ್ತು ಅದನ್ನು ಅಲ್ಲಿಂದ ಎಬ್ಬಿಸುವುದಕ್ಕೇ ಹೋಗುತ್ತದೆ. ಮೊದಲ ವರ್ಷ ನನ್ನ ಪಾಠ ಮುಂದೆ ಸಾಗದಿದ್ದುದು ಇದರಿಂದಲೇ, ಅಭ್ಯಾಸ ಕಡಿಮೆಯಾದದ್ದರಿಂದ ಅಲ್ಲ.

ಅದಕ್ಕೇ ಇಲ್ಲಿ ಒಂದೇ ವಿಷಯ ಹಿಡಿದಿದ್ದೇನೆ. ಗುರುಗಳಿಲ್ಲದ ಆರು ದಿನ ನಮ್ಮ ಸ್ವರ ಸರಿಯಾದ ಜಾಗದಲ್ಲಿದೆಯೇ ಎಂದು ನಾವೇ ಪರೀಕ್ಷೆ ಮಾಡಿಕೊಳ್ಳುವುದು ಹೇಗೆ? ವೀಣೆಗೆ 24 ಮೆಟ್ಟಿಲುಗಳಿವೆ, ಕೊಳಲಿಗೆ ತೂತುಗಳಿವೆ, ಹಾರ್ಮೋನಿಯಂಗೆ ಮನೆಗಳಿವೆ. ಪಿಟೀಲಿನ ಬೆರಳು ಹಲಗೆ ಬರೀ ಕಪ್ಪು ಮರ, ಒಂದು ಗೆರೆಯೂ ಇಲ್ಲ. ಆದರೆ ಎಲ್ಲಿ ಕಿವಿ ಕೊಡಬೇಕು, ಎಲ್ಲಿ ಕಣ್ಣಿಡಬೇಕು ಎಂದು ಗೊತ್ತಿದ್ದರೆ ವಾದ್ಯವೇ ನಮ್ಮ ತಪ್ಪು ಹೇಳುತ್ತದೆ.

ತಂತಿಯ ಲೆಕ್ಕ

ನಮ್ಮ ಕರ್ನಾಟಕ ಸಂಗೀತ ಪದ್ಧತಿಯಲ್ಲಿ ದಪ್ಪ ತಂತಿಯಿಂದ ತೆಳು ತಂತಿಯ ಕಡೆಗೆ ಶ್ರುತಿ ಹೀಗೆ: ಮಂದ್ರ ಷಡ್ಜ, ಮಂದ್ರ ಪಂಚಮ, ಮಧ್ಯ ಷಡ್ಜ, ಮಧ್ಯ ಪಂಚಮ. ಮಂದ್ರವೆಂದರೆ ಕೆಳಗಿನ ಸಪ್ತಕ, ಮಧ್ಯ ನಡುವಿನದು, ತಾರ ಮೇಲಿನದು. ನಾನು ಎರಡು ಮನೆ ಶ್ರುತಿ, ಅಂದರೆ ಹಾರ್ಮೋನಿಯಂನ ಎರಡನೆಯ ಬಿಳಿ ಮನೆಯನ್ನು ಷಡ್ಜವಾಗಿ, ಇಟ್ಟುಕೊಳ್ಳುತ್ತೇನೆ. ಆ ಶ್ರುತಿಯಲ್ಲಿ ಮಧ್ಯ ಷಡ್ಜವೆಂದರೆ ಸೆಕೆಂಡಿಗೆ ಸುಮಾರು 294 ಕಂಪನ.

ನನ್ನ ಪಿಟೀಲಿನಲ್ಲಿ ತಲೆಯ ಬದಿಯ ದಂಡೆಯಿಂದ ಕುದುರೆಯವರೆಗೆ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ತಂತಿಯ ಉದ್ದ 33 ಸೆಂ.ಮೀ. ತಂತಿ ಗಿಡ್ಡವಾದಷ್ಟೂ ಸ್ವರ ಏರುತ್ತದೆ, ಆ ಏರಿಕೆಗೆ ಲೆಕ್ಕವಿದೆ. ಶುದ್ಧ ಮಧ್ಯಮ ಷಡ್ಜದ 4/3 ಪಟ್ಟು. ಹಾಗಾಗಿ ತಂತಿಯ ಮುಕ್ಕಾಲು ಭಾಗ ಮಾತ್ರ ನುಡಿಯಬೇಕು, ಬೆರಳು ದಂಡೆಯಿಂದ 8.25 ಸೆಂ.ಮೀ. ದೂರದಲ್ಲಿ ಕೂರಬೇಕು. ಅಂತರ ಗಾಂಧಾರ 5/4 ಪಟ್ಟು, ಅದರ ಜಾಗ 6.6 ಸೆಂ.ಮೀ. ಶುದ್ಧ ರಿಷಭ 16/15 ಪಟ್ಟು, ಅದು 2 ಸೆಂ.ಮೀ.ಗಿಂತ ಕೂದಲೆಳೆಯಷ್ಟು ಆಚೆ. ರಿಷಭದಿಂದ ಗಾಂಧಾರಕ್ಕೆ ನಾಲ್ಕೂವರೆ ಸೆಂ.ಮೀ. ಹಾರಬೇಕು, ಗಾಂಧಾರದಿಂದ ಮಧ್ಯಮಕ್ಕೆ ಒಂದೂವರೆ ಸೆಂ.ಮೀ. ಚಿಲ್ಲರೆ ಸಾಕು. ಮೊದಲನೆಯ ಮತ್ತು ಎರಡನೆಯ ಬೆರಳುಗಳ ನಡುವೆ ಅಷ್ಟು ಅಗಲ ತೆರೆಯುವುದು ನಮ್ಮ ವಯಸ್ಸಿನ ಕೈಗೆ ಸುಲಭವಲ್ಲ. ಅಡಿಕೆ ಸುಲಿದ ದಿನವಂತೂ ನನ್ನ ಬೆರಳು ಮರಗಟ್ಟಿರುತ್ತದೆ. ಅಂಥ ದಿನ ಗಾಂಧಾರ ಕೆಳಗೆ ಬರುತ್ತದೆ ಎಂದು ಮೊದಲೇ ತಿಳಿದುಕೊಂಡು ಕೂರುತ್ತೇನೆ.

ಮೊದಲ ಪಾಠವಾದ ಸರಳೆ ವರಸೆಗೆ ಮಾಯಾಮಾಳವಗೌಳ ರಾಗವೇ ಯಾಕೆ ಎಂದು ನಾನು ಕೇಳಿದ್ದೆ. ಪುರಂದರದಾಸರು ಹಾಕಿಕೊಟ್ಟ ಕ್ರಮ ಎಂಬುದು ಪರಂಪರೆಯ ಉತ್ತರ. ಪಿಟೀಲು ಹಿಡಿದವರಿಗೆ ಅದರಲ್ಲಿ ಇನ್ನೊಂದು ಲಾಭ ಕೈಗೇ ಸಿಗುತ್ತದೆ. ಈ ರಾಗದ ಸ ರಿ ಗ ಮ ಮತ್ತು ಪ ದ ನಿ ಸ ಎರಡರ ಅಂತರಗಳೂ ಒಂದೇ. ಷಡ್ಜದ ತಂತಿಯಲ್ಲಿ ರಿಷಭ ಎಲ್ಲಿದೆಯೋ ಪಂಚಮದ ತಂತಿಯಲ್ಲಿ ಧೈವತ ಅಲ್ಲೇ, ಗಾಂಧಾರದ ಪಕ್ಕದಲ್ಲೇ ನಿಷಾದ, ಮಧ್ಯಮದ ಪಕ್ಕದಲ್ಲೇ ತಾರ ಷಡ್ಜ. ಒಂದು ತಂತಿಯಲ್ಲಿ ಮೂರು ಜಾಗ ಸರಿಯಾಗಿ ಕಲಿತರೆ ಇಡೀ ಸಪ್ತಕ ಕೈಗೆ ಬಂದ ಹಾಗೆ. ಇದು ಗೊತ್ತಾದ ದಿನ ಹಲಗೆಯ ಮೇಲೆ ಬಿಳಿ ಸ್ಟಿಕ್ಕರ್ ಅಂಟಿಸುವ ಯೋಚನೆ ಬಿಟ್ಟೆ.

ಕಾಗದದ ಚೀಟಿ

ಹೈಸ್ಕೂಲಿನ ಭೌತಶಾಸ್ತ್ರದಲ್ಲಿ ಕಂಪಿಸುವ ತಂತಿಯ ಮೇಲೆ ಕಾಗದದ ತುಂಡು ಕೂರಿಸುವ ಪ್ರಯೋಗ ಮಾಡಿದ ನೆನಪು ನಿಮಗೂ ಇರಬಹುದು. ಅದೇ ಇಲ್ಲಿ ಕೆಲಸಕ್ಕೆ ಬರುತ್ತದೆ.

ಹಳೆ ಕ್ಯಾಲೆಂಡರಿನ ಕಾಗದದಿಂದ ಅಕ್ಕಿಕಾಳಿನಷ್ಟು ಅಗಲದ ಚೀಟಿ ಕತ್ತರಿಸಿ ನಡುವೆ ಮಡಚಿ. ಪಿಟೀಲನ್ನು ತೀರ ಇಳಿಜಾರಾಗಿ ಹಿಡಿಯದೆ ಆ ಚೀಟಿಯನ್ನು ಮಧ್ಯ ಷಡ್ಜದ ತಂತಿಯ ಸರಿ ನಡುವೆ ಕೂರಿಸಿ. ಈಗ ಪಕ್ಕದ ಮಂದ್ರ ಪಂಚಮದ ತಂತಿಯಲ್ಲಿ ಮೂರನೆಯ ಬೆರಳಿಟ್ಟು ಷಡ್ಜ ನುಡಿಸಿ. ಬೆರಳು ಸರಿಯಾದ ಜಾಗದಲ್ಲಿದ್ದರೆ, ನೀವು ಮುಟ್ಟದೇ ಇರುವ ಆ ತಂತಿ ತಾನೇ ನಡುಗುತ್ತದೆ, ಚೀಟಿ ಕುಣಿಯುತ್ತದೆ. ಬೆರಳು ಒಂದೆರಡು ಮಿಲಿಮೀಟರ್ ಜರುಗಿದರೆ ಚೀಟಿ ಸುಮ್ಮನಾಗುತ್ತದೆ. ಎರಡೂ ತಂತಿಗಳ ಕಂಪನ ಸಂಖ್ಯೆ ಒಂದೇ ಆದಾಗ ಒಂದರ ಕಂಪನ ಕುದುರೆಯ ಮೂಲಕ ಇನ್ನೊಂದಕ್ಕೆ ದಾಟುತ್ತದೆ, ಕಾರಣ ಇಷ್ಟೆ.

ತಾರ ಷಡ್ಜಕ್ಕೂ ಹೀಗೆಯೇ ಮಾಡಬಹುದು, ಆದರೆ ಚೀಟಿಯ ಜಾಗ ಬೇರೆ. ಪಂಚಮದ ತಂತಿಯಲ್ಲಿ ತಾರ ಷಡ್ಜ ನುಡಿಸಿದಾಗ ಪಕ್ಕದ ಷಡ್ಜದ ತಂತಿ ಎರಡು ಭಾಗವಾಗಿ ಕಂಪಿಸುತ್ತದೆ, ನಟ್ಟನಡುವಿನ ಬಿಂದು ಅಲುಗುವುದಿಲ್ಲ. ಚೀಟಿಯನ್ನು ನಡುವೆ ಕೂರಿಸಿ ಕಾದರೆ ಏನೂ ಆಗದು. ಕುದುರೆಯಿಂದ ಕಾಲು ಭಾಗ, ಅಂದರೆ ಸುಮಾರು ಎಂಟು ಸೆಂ.ಮೀ. ದೂರದಲ್ಲಿ ಕೂರಿಸಬೇಕು. ಇಲ್ಲಿ ನಡುಕ ಸಣ್ಣದು, ಬೆಳಕಿಗೆ ಎದುರಾಗಿ ಕೂತರೆ ಕಾಣುತ್ತದೆ. ಕೆಲವು ದಿನ ಕಳೆದ ಮೇಲೆ ಚೀಟಿಯೇ ಬೇಡ. ಸ್ವರ ಸರಿ ಕೂತಾಗ ಪಿಟೀಲಿನ ದನಿ ತುಂಬಿಕೊಳ್ಳುತ್ತದೆ, ಕಮಾನು ಎತ್ತಿದ ಮೇಲೂ ಒಂದು ಕ್ಷಣ ಉಳಿಯುತ್ತದೆ. ಆ ಉಳಿಕೆಯನ್ನು ಕಿವಿ ಹುಡುಕತೊಡಗುತ್ತದೆ.

ತಾರ ಷಡ್ಜ ಸಿಕ್ಕಿದ ಮೇಲೆ ಅದೇ ಬೆರಳನ್ನು ಎತ್ತದೆ ಪಕ್ಕದ ತಂತಿಗೆ ಬಾಗಿಸಿ ಒತ್ತಿದರೆ ಮಧ್ಯಮ. ಮಧ್ಯಮಕ್ಕೆ ನಡುಗುವ ತೆರೆದ ತಂತಿ ಇಲ್ಲ, ಅದಕ್ಕೆ ತಾರ ಷಡ್ಜವೇ ಸಾಕ್ಷಿ. ರಿಷಭಕ್ಕೆ ಇಂಥ ಸುಲಭದ ಸಾಕ್ಷಿ ಸಿಗುವುದಿಲ್ಲ. ಈ ರಾಗದಲ್ಲಿ ರಿಷಭ, ಧೈವತಗಳಿಗೆ ಮುಂದೆ ಗಮಕವೂ, ಅಂದರೆ ಸ್ವರವನ್ನು ಅಲುಗಿಸಿ ನುಡಿಸುವುದೂ, ಬರಲಿದೆ. ಅದನ್ನು ಭಾನುವಾರಕ್ಕೆ ಬಿಡಿ, ಅಥವಾ ಗುರುಗಳು ನುಡಿಸಿದ್ದನ್ನು ಅವರ ಒಪ್ಪಿಗೆ ಕೇಳಿ ಫೋನಿನಲ್ಲಿ ತುಂಬಿಸಿಕೊಂಡು ಬನ್ನಿ.

ಗಾಂಧಾರ

ನಾನು ಹೆಚ್ಚು ಕಲಿತದ್ದು ಈ ಸ್ವರದಿಂದ.

ನಮ್ಮ ಮಾಷ್ಟ್ರು ನನಗಿಂತ ಹತ್ತು ವರ್ಷ ಚಿಕ್ಕವರು. ಒಂದು ಭಾನುವಾರ ಸರಳೆ ನಡುವೆ ನಿಲ್ಲಿಸಿದರು.

"ಅಣ್ಣ, ಗಾಂಧಾರ ಸ್ವಲ್ಪ ಮೇಲೆ ಹೋಯ್ತು."

"ಇಲ್ಲ ಮಾಷ್ಟ್ರೇ, ಮನೆಯಲ್ಲಿ ಫೋನಿನ ಟ್ಯೂನರಿನಲ್ಲಿ ನೋಡಿಕೊಂಡೇ ಬಂದದ್ದು. ಹಸಿರು ಬರ್ತದೆ."

"ಫೋನು ಇರಲಿ. ತಂಬೂರಿ ಎಂತ ಹೇಳ್ತದೆ ಕೇಳಿ."

ಅವರು ತಮ್ಮ ತಂಬೂರಿ ತೆಗೆದು ಜೀವಾಳಿ (ತಂತಿಯ ಕೆಳಗಿನ ನೂಲು) ಸರಿಮಾಡಿ ಮೀಟುತ್ತಾ ಕೂತರು, ನನಗೆ ನುಡಿಸಲು ಹೇಳಲಿಲ್ಲ. ಎರಡು ಮೂರು ನಿಮಿಷ ಷಡ್ಜ ಪಂಚಮ ಮಾತ್ರ ಕೇಳಿತು. ಆಮೇಲೆ ಮಂದ್ರ ಷಡ್ಜ ಮೀಟಿದಾಗಲೆಲ್ಲ ಅದರ ಮೇಲೆ ತೆಳುವಾಗಿ ಇನ್ನೊಂದು ದನಿ ಏಳುವುದು ತಿಳಿಯಿತು. ಅದು ಗಾಂಧಾರ. ಯಾರೂ ಮೀಟದ ಗಾಂಧಾರ. ಒಂದು ತಂತಿ ಮೀಟಿದರೆ ಮೂಲ ಕಂಪನದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಐದರಷ್ಟು ಕಂಪನಗಳೂ ಹುಟ್ಟುತ್ತವೆ. ಆ ಐದರಷ್ಟರದ್ದೇ ಅಂತರ ಗಾಂಧಾರ. ಅದಕ್ಕೇ ಅದನ್ನು ಸ್ವಯಂಭೂ ಎನ್ನುತ್ತಾರೆ.

ನಾನು ಬೆರಳಿಟ್ಟು ಕಮಾನು ಎಳೆದೆ. ಎರಡು ಗಾಂಧಾರ ಬೇರೆ ಬೇರೆ ಕೇಳಿದವು, ನಡುವೆ ಒಂದು ಸಣ್ಣ ಅಲೆ. ಬೆರಳನ್ನು ಎತ್ತದೆ ಹಿಂದಕ್ಕೆ ಜಾರಿಸುತ್ತಾ ಬಂದೆ. ಅಲೆ ನಿಧಾನವಾಯಿತು, ಇನ್ನೂ ನಿಧಾನವಾಯಿತು, ಆಮೇಲೆ ಇಲ್ಲವಾಯಿತು. ಎಷ್ಟು ಜಾರಿತ್ತು ಎಂದು ಮನೆಗೆ ಬಂದು ಸ್ಕೇಲ್ ಇಟ್ಟು ನೋಡಿದೆ: ಎರಡು ಮಿಲಿಮೀಟರ್.

ಲೆಕ್ಕವೂ ಅದನ್ನೇ ಹೇಳುತ್ತದೆ. ಫೋನಿನ ಟ್ಯೂನರ್ ಆಗಲಿ ಹಾರ್ಮೋನಿಯಂ ಆಗಲಿ ಸಪ್ತಕವನ್ನು ಹನ್ನೆರಡು ಸಮಪಾಲು ಮಾಡುತ್ತವೆ. ಆ ಪಾಲಿನಲ್ಲಿ ಗಾಂಧಾರ ಷಡ್ಜದ 1.26 ಪಟ್ಟು, ತಂಬೂರಿಯದ್ದು 1.25 ಪಟ್ಟು. ನನ್ನ ತಂತಿಯಲ್ಲಿ ಮೊದಲನೆಯದರ ಜಾಗ 6.8 ಸೆಂ.ಮೀ., ಎರಡನೆಯದರದ್ದು 6.6. ತಂಬೂರಿಗೆ ಸರಿಯಾದ ಗಾಂಧಾರ ನುಡಿಸಿದರೆ ಫೋನು ಅದನ್ನು ಕೆಳಗಿದೆ ಎಂದೇ ತೋರಿಸುತ್ತದೆ.

ತಪ್ಪು ಫೋನಿನದ್ದು ಮಾತ್ರ ಅಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಮ್ಮ ಪಕ್ಕದಲ್ಲೇ. ಈ ನಾಡಿನಲ್ಲಿ ಬೆಳೆದವರ ಕಿವಿಯಲ್ಲಿ ಭಾಗವತರ ಪದ್ಯಗಳು ತುಂಬಿರುತ್ತವೆ. ಜೊತೆಗೆ ನಾನು ಚಿಕ್ಕಂದಿನಿಂದ ಭಜನಾ ಮಂದಿರದಲ್ಲಿ ಹಾರ್ಮೋನಿಯಂ ಪಕ್ಕದಲ್ಲೇ ಕೂತು ಹಾಡಿದವನು. ನನ್ನ ಬೆರಳು ಆ ಗಾಂಧಾರವನ್ನೇ ಹುಡುಕುತ್ತಿತ್ತು. ಮಗುವಿನ ಕಿವಿಗೆ ಹೊಸದಾಗಿ ಹೇಳಿಕೊಟ್ಟರಾಯಿತು. ನಮ್ಮ ಕಿವಿಯಲ್ಲಿ ಮೂವತ್ತು ನಲವತ್ತು ವರ್ಷದ ಸಂಗೀತ ಮೊದಲೇ ಕೂತಿದೆ, ಅದರ ಜೊತೆ ಮಾತಾಡಿಕೊಂಡೇ ಮುಂದೆ ಹೋಗಬೇಕು. ನನಗೆ ಇದು ಕೊರತೆ ಅನ್ನಿಸುವುದಿಲ್ಲ. ಎರಡು ಗಾಂಧಾರಗಳ ವ್ಯತ್ಯಾಸ ನನಗೆ ಗೊತ್ತಾದದ್ದು ಎರಡನ್ನೂ ಕೇಳಿದ್ದರಿಂದ.

ಈಗ ದಿನಾ ಮೊದಲ ಐದು ನಿಮಿಷ ಪಿಟೀಲು ಮುಟ್ಟುವುದಿಲ್ಲ, ಶ್ರುತಿ ಕೇಳುತ್ತೇನೆ. ಆಮೇಲೆ ಗಾಂಧಾರ ಒಂದನ್ನೇ ಉದ್ದಕ್ಕೆ ಎಳೆದು ಅಲೆ ಇಲ್ಲವಾಗುವ ಜಾಗ ಹುಡುಕುತ್ತೇನೆ, ಬೆರಳು ಎತ್ತಿ ಮತ್ತೆ ಇಡುತ್ತೇನೆ. ಹತ್ತರಲ್ಲಿ ಏಳು ಸಲ ಮೊದಲ ಇಡುವಿಕೆಗೇ ಸಿಕ್ಕರೆ ಸರಳೆಗೆ ಹೋಗುತ್ತೇನೆ. ಫೋನಿನ ಟ್ಯೂನರ್ ಷಡ್ಜ ಇಟ್ಟುಕೊಳ್ಳುವುದಕ್ಕೆ ಮಾತ್ರ. ಪಂಚಮವನ್ನೂ ಎರಡು ತಂತಿ ಒಟ್ಟಿಗೆ ಎಳೆದು ಅಲೆ ಹೋಗುವವರೆಗೆ ಕಿವಿಯಲ್ಲೇ ಸೇರಿಸಿ.

ಕಮಾನು

ಮೇಲಿನ ಪರೀಕ್ಷೆಗಳೆಲ್ಲ ಕಮಾನು ನೇರ ಇದ್ದರೆ ಮಾತ್ರ ನಂಬಬಹುದು. ರಾಳ ಹಚ್ಚಿದ ಕಮಾನಿನ ಕೂದಲು ತಂತಿಯನ್ನು ಹಿಡಿದು ಎಳೆಯುತ್ತದೆ, ತಂತಿ ಜಾರಿ ಹಿಂದೆ ಹೋಗುತ್ತದೆ, ಮತ್ತೆ ಹಿಡಿಯುತ್ತದೆ. ಎರಡು ಮನೆಯ ಷಡ್ಜಕ್ಕೆ ಇದು ಸೆಕೆಂಡಿಗೆ 294 ಸಲ. ಒತ್ತಡ ಹೆಚ್ಚಾಗಿ ವೇಗ ಕಡಿಮೆಯಾದರೆ ಜಾರುವುದು ತಡವಾಗಿ ದನಿ ಕರಕರ ಎನ್ನುತ್ತದೆ. ಒತ್ತಡ ಸಾಲದೆ ವೇಗ ಹೆಚ್ಚಾದರೆ ಹಿಡಿತವೇ ಸಿಗದೆ ಶಿಳ್ಳೆಯಂಥ ಸದ್ದು. ಕಪಾಟಿನ ಕನ್ನಡಿಯ ಎದುರು ಕೂತು, ಕಮಾನು ಕುದುರೆಗೆ ಸಮಾನಾಂತರವಾಗಿದೆಯೇ ಎಂದು ನೋಡುತ್ತಾ ತೆರೆದ ಷಡ್ಜವನ್ನು ಎಂಟು ಎಣಿಕೆಗೆ ಒಂದು ಎಳೆತದ ಹಾಗೆ ಹತ್ತು ನಿಮಿಷ ಎಳೆಯಿರಿ. ಬೇಸರವಾಗುತ್ತದೆ, ಆದರೂ ಬಿಡಬೇಡಿ.

ಕೂರುವ ಭಂಗಿಯ ಬಗ್ಗೆ ಒಂದು ಮಾತು. 19ನೇ ಶತಮಾನದ ಆರಂಭದಲ್ಲಿ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಪಿಟೀಲನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ನಮ್ಮಲ್ಲಿ ನೆಲದ ಮೇಲೆ ಕೂತು ವಾದ್ಯದ ತಲೆಯನ್ನು ಬಲಪಾದದ ಮೇಲೆ ಇಡುವ ರೂಢಿ. ಎಡಗೈಗೆ ವಾದ್ಯದ ಭಾರ ಇರುವುದಿಲ್ಲ, ಜಾರುಗಳಿಗೆ ಬಿಡುವಾಗಿರುತ್ತದೆ. ಮಂಡಿ ನೋವಿರುವವರು ಕೆಳಗೆ ಮಡಚಿದ ಕಂಬಳಿ ಹಾಕಿಕೊಳ್ಳಿ, ವಾದ್ಯವನ್ನು ಕೈಯಲ್ಲಿ ಎತ್ತಿ ಹಿಡಿಯಬೇಡಿ. ಬೆರಳು ಜಾರಲು ತುದಿಗೆ ತೆಂಗಿನೆಣ್ಣೆ ತಾಗಿಸುವುದುಂಟು, ಅದು ಕಮಾನಿನ ಕೂದಲಿಗೆ ತಾಗಬಾರದು.

ಮಳೆಗಾಲ

ಜೂನಿನಿಂದ ನಮ್ಮಲ್ಲಿ ಮರಕ್ಕೆಲ್ಲ ತೇವ ಹಿಡಿಯುತ್ತದೆ. ತಂತಿ ಸುತ್ತುವ ಬಿರಡೆ ಉಬ್ಬಿ ಬಿಗಿಯಾಗುತ್ತದೆ, ಕಮಾನಿನ ಕೂದಲು ಸಡಿಲವಾಗುತ್ತದೆ. ಬಿಗಿಯಾದ ಬಿರಡೆ ತೆಗೆದು ಒಣ ಸೋಪು ತೆಳುವಾಗಿ ತಾಗಿಸಬೇಕು. ಬೇಸಗೆಯಲ್ಲಿ ಅದೇ ಬಿರಡೆ ಜಾರುತ್ತದೆ, ಆಗ ಸೀಮೆಸುಣ್ಣ. ನುಡಿಸಿದ ಮೇಲೆ ಕಮಾನು ಸಡಿಲಿಸಿಯೇ ಇಡಿ. ಮೊದಲ ಮಳೆಗಾಲದಲ್ಲಿ ನಾನು ಬಿರಡೆ ಶುಚಿ ಮಾಡಲೆಂದು ನಾಲ್ಕೂ ತಂತಿ ಒಮ್ಮೆಲೇ ಬಿಚ್ಚಿದೆ. ಕುದುರೆ ಬಿತ್ತು, ಜೊತೆಗೆ ಒಳಗೆ ಅಂಟಿಲ್ಲದೆ ಬರೀ ಒತ್ತಡದಲ್ಲಿ ನಿಂತಿದ್ದ ಮರದ ಕಡ್ಡಿಯೂ ಬಿತ್ತು. ಅದನ್ನು ನಿಲ್ಲಿಸುವವರು ಹತ್ತಿರದಲ್ಲಿ ಸಿಗದೆ ಮೂರು ವಾರ ವಾದ್ಯ ಮೂಕವಾಗಿತ್ತು. ಒಂದು ತಂತಿ ಬಿಚ್ಚಿ, ಹಾಕಿ, ಆಮೇಲೆ ಇನ್ನೊಂದಕ್ಕೆ ಹೋಗಿ.

ಸರಳೆ, ಜಂಟಿ, ಅಲಂಕಾರ ಮುಗಿದ ಮೇಲೆ ಬರುವ ಪಿಳ್ಳಾರಿ ಗೀತೆಗಳು ಮಲಹರಿ ರಾಗದಲ್ಲಿವೆ. ಅದು ಮಾಯಾಮಾಳವಗೌಳದಿಂದಲೇ ಹುಟ್ಟಿದ ಜನ್ಯ ರಾಗ, ಬೆರಳಿನ ಜಾಗಗಳು ಅವೇ. ನಿಷಾದ ಇಲ್ಲ, ಗಾಂಧಾರ ಅವರೋಹಣದಲ್ಲಿ ಮಾತ್ರ. ಹತ್ತುವಾಗ ರಿಷಭದಿಂದ ನೇರ ಮಧ್ಯಮಕ್ಕೆ ಹಾರುತ್ತೇವೆ, ಇಳಿಯುವಾಗ ಮಧ್ಯಮದಿಂದ ಗಾಂಧಾರಕ್ಕೆ ಒಂದೂವರೆ ಸೆಂ.ಮೀ. ಚಿಲ್ಲರೆ ಹಿಂದೆ ಸರಿಯಬೇಕು. ನನಗೆ ಅಲ್ಲಿ ಈಗಲೂ ಹಾರ್ಮೋನಿಯಂ ಗಾಂಧಾರವೇ ಮೊದಲು ಬರುತ್ತದೆ. ಈ ವಾರ ಆ ಮ ಗ ರಿ ಸ ಒಂದನ್ನೇ ವಿಳಂಬದಲ್ಲಿ, ಪ್ರತಿ ಗಾಂಧಾರದಲ್ಲೂ ನಿಂತು, ತಂಬೂರಿಗೆ ಸೇರಿಸಿ ನುಡಿಸುತ್ತಿದ್ದೇನೆ.