ಲೈಬ್ರರಿಯಿಂದ ತಂದ ನಾಲ್ಕರಲ್ಲಿ ಓದಬೇಕಾದ್ದು ಯಾವುದು?

ಪ್ರಶ್ನೆ: ಕೋಲಾರದಲ್ಲಿ ನಮ್ಮದು ಸಣ್ಣ ಮನೆ. ಹಿತ್ತಲಲ್ಲಿ ಎರಡು ಮಡಿ, ತಾರಸಿ ಮೇಲೆ ಇಪ್ಪತ್ತು ಕುಂಡ. ಲೈಬ್ರರಿಯಿಂದ ಕೈತೋಟದ ಪುಸ್ತಕ ನಾಲ್ಕು ತರುತ್ತೇನೆ. ಒಂದನ್ನು ಅರ್ಧ ಓದುವಷ್ಟರಲ್ಲಿ ವಾಪಸ್ ಕೊಡುವ ದಿನ ಬಂದಿರುತ್ತದೆ, ಆ ಅರ್ಧವೂ ನಮ್ಮ ಮಣ್ಣಿಗೆ ಒಗ್ಗುವುದಿಲ್ಲ. ಓದಬೇಕಾದ್ದು ಯಾವುದು ಅಂತ ಬೇಗ ಕಂಡುಹಿಡಿಯುವುದು ಹೇಗೆ?

ಉತ್ತರ: ಮೊದಲ ಪುಟದಿಂದ ಶುರು ಮಾಡಬೇಡಿ. ಮುನ್ನುಡಿಯಲ್ಲಿ ಎಲ್ಲ ಪುಸ್ತಕವೂ ಒಳ್ಳೆಯದೇ. ನೀವು ಬೆಳೆದು, ಒಂದೆರಡು ಸಲ ಕೈ ಸುಟ್ಟುಕೊಂಡ ಗಿಡ ಯಾವುದಾದರೂ ಇರುತ್ತದಲ್ಲ, ನೇರ ಅದರ ಪುಟಕ್ಕೆ ಹೋಗಿ. ಗೊತ್ತಿಲ್ಲದ ಗಿಡದ ಬಗ್ಗೆ ಯಾರು ಏನು ಬರೆದರೂ ತಲೆಯಾಡಿಸುತ್ತೇವೆ. ಗೊತ್ತಿರುವ ಗಿಡದಲ್ಲಾದರೆ ಬುರುಡೆ ತಕ್ಷಣ ಸಿಕ್ಕಿಬೀಳುತ್ತದೆ.

ನಮ್ಮ ಕಡೆಯವರಿಗೆ ಅವರೆಗಿಂತ ಒಳ್ಳೆಯ ಪರೀಕ್ಷೆ ಇಲ್ಲ. ನಾಟಿ ಅವರೆ ಹಗಲು ಗಿಡ್ಡವಾಗುವವರೆಗೆ ಹೂ ಬಿಡುವುದಿಲ್ಲ. ಅದಕ್ಕೇ ಮಳೆಗಾಲದಲ್ಲಿ ಬಿತ್ತಿ, ಸೊಗಡಿನ ಕಾಯನ್ನು ಡಿಸೆಂಬರ್-ಜನವರಿಯ ಚಳಿಯಲ್ಲಿ ಕೀಳುವುದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 3 ಮತ್ತು 4ಕ್ಕೆ ಈ ಹಂಗಿಲ್ಲ, ಬೇರೆ ಕಾಲದಲ್ಲೂ ಕಾಯಿ ಕಚ್ಚುತ್ತವೆ. ಈ ವ್ಯತ್ಯಾಸ ಹೇಳದೆ ‘ವರ್ಷವಿಡೀ ಬೆಳೆಯಬಹುದು’ ಎಂದಿದ್ದ ಪುಸ್ತಕವೊಂದನ್ನು ನಂಬಿ ನಾನು ಮಾರ್ಚ್‌ನಲ್ಲಿ ನಾಟಿ ಬೀಜ ಊರಿದ್ದೆ. ಬಳ್ಳಿ ಕಾಂಪೌಂಡ್ ಹತ್ತಿ, ಪಕ್ಕದ ಮನೆಯವರು ಬಟ್ಟೆ ಒಣಹಾಕುವ ತಂತಿಗೂ ಸುತ್ತಿಕೊಂಡಿತು. ಹೂವು ಮಾತ್ರ ಒಂದೂ ಇಲ್ಲ. ಈಗ ಯಾವ ಪುಸ್ತಕ ಸಿಕ್ಕರೂ ಮೊದಲು ಅವರೆ ಪುಟ ತೆಗೆಯುತ್ತೇನೆ. ಎರಡು ನಿಮಿಷ ಸಾಕು.

ಆಮೇಲೆ ‘ಸೂಕ್ತ’, ‘ಸಾಕಷ್ಟು’, ‘ಅಗತ್ಯಕ್ಕೆ ತಕ್ಕಂತೆ’ ಎಂಬ ಪದಗಳನ್ನು ಎಣಿಸಿ. ಸೂಕ್ತ ಗೊಬ್ಬರ, ಸಾಕಷ್ಟು ನೀರು ಅನ್ನುವುದನ್ನು ನಮ್ಮಜ್ಜಿಯೂ ಹೇಳುತ್ತಿದ್ದರು, ಅದಕ್ಕೆ ಪುಸ್ತಕ ಯಾಕೆ? ಕುಂಡಕ್ಕೆ ಎಷ್ಟು ಬೊಗಸೆ, ಎಷ್ಟು ದಿನಕ್ಕೊಮ್ಮೆ, ಬೀಜ ಎಷ್ಟು ಆಳಕ್ಕೆ ಅಂತ ಬರೆದವರು ಮಣ್ಣು ಮುಟ್ಟಿದವರು. ಅಂಥ ಪುಸ್ತಕ ಇಟ್ಟುಕೊಳ್ಳಿ.

ಯಾವ ಊರಿನಲ್ಲಿ ಕೂತು ಬರೆದದ್ದು ಅನ್ನುವುದೂ ಮುಖ್ಯ. ನಮ್ಮ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿ.ಮೀ., ಆಗುಂಬೆಯಲ್ಲಿ ಅದರ ಹತ್ತು ಪಟ್ಟು. ಪ್ರತಿ ಅಧ್ಯಾಯದಲ್ಲೂ ಮಡಿಯಿಂದ ನೀರು ಬಸಿಯುವ ಚಿಂತೆಯೇ ತುಂಬಿದ್ದರೆ ಅದು ಮಲೆನಾಡಿನ ಪುಸ್ತಕ. ನಮ್ಮ ಬೋರ್‌ವೆಲ್ ನೀರು ಗಡಸು, ಕುಂಡದ ಅಂಚಿಗೆ ಬಿಳಿ ಪಟ್ಟೆ ಕಟ್ಟುತ್ತದೆ. ತಾರಸಿ ತೋಟದ ಪುಸ್ತಕ ಅದರ ಮಾತೇ ಎತ್ತದಿದ್ದರೆ, ಬರೆದವರು ಕಾವೇರಿ ನೀರು ಹಾಯಿಸಿದವರು ಅಂತ ಇಟ್ಟುಕೊಳ್ಳಿ!

ಹಳೆಯ ಪುಸ್ತಕ ಅಂತ ಪಕ್ಕಕ್ಕೆ ಇಡಬೇಡಿ, ಔಷಧಿಯ ಅಧ್ಯಾಯ ಮಾತ್ರ ಬಿಡಿ. ಎಂಡೋಸಲ್ಫಾನ್ ಹೊಡೆಯಿರಿ ಅಂತ ಇದ್ದರೆ ಅದು 2011ಕ್ಕೂ ಮುಂಚಿನದು, ಆ ವರ್ಷ ಸುಪ್ರೀಂ ಕೋರ್ಟ್ ಅದರ ತಯಾರಿಕೆ, ಮಾರಾಟ, ಬಳಕೆ ಎಲ್ಲವನ್ನೂ ತಡೆಯಿತು. ಟೊಮೆಟೊ ಎಲೆಯ ಎರಡು ಪದರದ ನಡುವೆ ಕೊರೆಯುವ ಟೂಟಾ ಹುಳು ನಮ್ಮ ದೇಶಕ್ಕೆ ಬಂದದ್ದೇ 2014ರಲ್ಲಿ. ಟೊಮೆಟೊ ಊರಿನವರಿಗೆ ಅದರ ಸುದ್ದಿಯೇ ಇಲ್ಲದ ಟೊಮೆಟೊ ಪಾಠ ಯಾತಕ್ಕೆ? ಆದರೆ ಪಾತಿ ಮಾಡುವುದು, ಕಸಿ ಕಟ್ಟುವುದು, ಮಾವಿನ ಸಸಿ ನೆಡುವಾಗ ಕಸಿ ಗಂಟು ಮಣ್ಣಿನ ಮೇಲೆಯೇ ಇರಬೇಕು ಅನ್ನುವುದು ಹಳತಾಗುವುದಿಲ್ಲ. ಕಸಿಯ ವಿಷಯದಲ್ಲಂತೂ ಹಳೆ ಪುಸ್ತಕಗಳ ಗೆರೆ ಚಿತ್ರ ಇವತ್ತಿನ ಬಣ್ಣದ ಫೋಟೊಗಿಂತ ಮೇಲು, ಚಾಕು ಯಾವ ಕೋನದಲ್ಲಿ ಇಳಿಯಬೇಕು ಅಂತ ಕಣ್ಣಿಗೆ ಕಟ್ಟುತ್ತದೆ.

ಇದನ್ನೆಲ್ಲ ಮನೆಗೆ ತಂದೇ ಮಾಡಬೇಕಿಲ್ಲ, ಕಪಾಟಿನ ಮುಂದೆ ನಿಂತೇ ಮಾಡಬಹುದು. ವಿಷಯಕ್ಕೊಂದು ನಂಬರು ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿಯ ಲೈಬ್ರರಿಯಾದರೆ ತರಕಾರಿ, ಹೂವಿನವು 635 ನಂಬರಿನಲ್ಲಿ, ಹಣ್ಣಿನವು 634ರಲ್ಲಿ ಇರುತ್ತವೆ. ದಪ್ಪ ಪುಸ್ತಕಗಳ ನಡುವೆ ವಿಶ್ವವಿದ್ಯಾಲಯಗಳ ತೆಳ್ಳನೆಯ ಕೈಪಿಡಿಗಳು ಸಿಕ್ಕಿಕೊಂಡಿರುತ್ತವೆ, ಕುಂಡಕ್ಕೆ ಎಷ್ಟು ಬೊಗಸೆ ಅನ್ನುವುದು ಹೆಚ್ಚಾಗಿ ಅವುಗಳಲ್ಲೇ ಸಿಗುವುದು. ಬೆನ್ನಿನ ಮೇಲೆ ಹೆಸರು ಬರೆಯುವಷ್ಟೂ ಜಾಗ ಇರುವುದಿಲ್ಲ, ಒಂದೊಂದೇ ಎಳೆದು ನೋಡಬೇಕು.