ಬಾಣಲೆಯ ಸದ್ದು ಕೇಳುತ್ತಾ ತರಕಾರಿ ಹುರಿಯಿರಿ

ನನ್ನ ಅಡುಗೆ ತರಗತಿಗೆ ಬರುವವರಲ್ಲಿ ಹೆಚ್ಚಿನವರು ಔಟರ್ ರಿಂಗ್ ರೋಡಿನ ಟ್ರಾಫಿಕ್ ದಾಟಿ ರಾತ್ರಿ ಎಂಟು, ಎಂಟೂವರೆಗೆ ಮನೆ ಸೇರುವವರು. ಬಹುತೇಕ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಮೇಡಂ, ಹೋಟೆಲಲ್ಲಿ ತರಕಾರಿ ಕರುಂ ಕುರುಂ ಅಂತಿರುತ್ತೆ, ನಮ್ಮನೇಲಿ ಮಾಡಿದ್ರೆ ಯಾಕೆ ನೀರು ನೀರಾಗುತ್ತೆ?" ಕೇಳುತ್ತಲೇ ಯಾವ ಸಾಸ್ ಎಂದು ಬರೆದುಕೊಳ್ಳಲು ಪೆನ್ನು ತೆಗೆದಿರುತ್ತಾರೆ. ಸಾಸಿನ ಮಾತು ಆಮೇಲೆ. ಮೊದಲು ನೀರಿನ ಲೆಕ್ಕ ಸರಿಹೋಗಬೇಕು.

ಎಲೆಕೋಸು, ದಪ್ಪ ಮೆಣಸಿನಕಾಯಿ, ಅಣಬೆ ಇವುಗಳ ತೂಕದಲ್ಲಿ ಶೇ. 90ಕ್ಕೂ ಹೆಚ್ಚು ಪಾಲು ನೀರೇ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ನಮ್ಮ ಬೆಂಗಳೂರಿನಲ್ಲಿ ನೀರು 97 ಡಿಗ್ರಿಯ ಹೊತ್ತಿಗೇ ಕುದಿಯುತ್ತದೆ. ತರಕಾರಿ ನೀರಿನಲ್ಲಿ ಕೂತಿರುವಷ್ಟು ಹೊತ್ತು ಅದರ ಮೈ ಬಿಸಿ ಆ 97ರ ಮೇಲೆ ಏರುವುದಿಲ್ಲ. ಅಂಚು ಕೆಂಪಗಾಗಿ ಹುರಿದ ಘಮ ಬರಬೇಕಾದರೆ 140 ಡಿಗ್ರಿಯ ಆಸುಪಾಸು ಬೇಕು. ಅಂದರೆ ತಳದಲ್ಲಿ ನೀರು ನಿಂತ ಬಾಣಲೆಯಲ್ಲಿ ಎಷ್ಟು ಹೊತ್ತು ಸೌಟಾಡಿಸಿದರೂ ನಡೆಯುತ್ತಿರುವುದು ಬೇಯಿಸುವ ಕೆಲಸವೇ. ಹೋಟೆಲಿನ ಒಲೆಯ ಉರಿ ಮನೆಯ ಗ್ಯಾಸಿಗಿಂತ ಎಷ್ಟೋ ಪಟ್ಟು ಜೋರು, ತರಕಾರಿ ಬಿಟ್ಟ ನೀರು ಬಿಟ್ಟ ಹಾಗೇ ಆವಿಯಾಗಿ ಹೋಗುತ್ತದೆ. ಆ ಉರಿ ನಮಗೆ ಸಿಗುವುದಿಲ್ಲ. ಹಾಗಾಗಿ ನಾವು ನೀರನ್ನೂ ಕಡಿಮೆ ಮಾಡಬೇಕು, ಒಂದು ಸಲಕ್ಕೆ ಹಾಕುವ ತರಕಾರಿಯನ್ನೂ ಕಡಿಮೆ ಮಾಡಬೇಕು.

ಮನೆಗೆ ಬಂದವರು ಮೊದಲು ತರಕಾರಿ ತೊಳೆದು ಹತ್ತಿ ಬಟ್ಟೆಯ ಮೇಲೆ ಹರಡಿ, ಆಮೇಲೆ ಕೈಕಾಲು ಮುಖ ತೊಳೆದುಕೊಳ್ಳಿ. ಅಷ್ಟರಲ್ಲಿ ಅರ್ಧ ಒಣಗಿರುತ್ತದೆ, ಉಳಿದದ್ದನ್ನು ಒರೆಸಿ. ಹೆಚ್ಚಿದ ಮೇಲೆ ಮಾತ್ರ ತೊಳೆಯಬೇಡಿ. ಹೆಚ್ಚಿ ಪ್ಯಾಕ್ ಮಾಡಿಟ್ಟ ತರಕಾರಿ ತರುವವರು ಪ್ಯಾಕೆಟ್ಟಿನ ತಳ ನೋಡಿ, ಬೆವರಿಟ್ಟಿದ್ದರೆ ಅದನ್ನು ಸಾಂಬಾರಿಗೆ ಇಟ್ಟುಕೊಳ್ಳಿ. ಹಾಪ್‌ಕಾಮ್ಸ್ ಮಳಿಗೆಯಲ್ಲೋ ಬೀದಿಯ ಗಾಡಿಯಲ್ಲೋ ಕೊಳ್ಳುವಾಗ ಒಂದು ಬೀನ್ಸ್ ಮುರಿದು ನೋಡುವುದು ನನ್ನ ಅಭ್ಯಾಸ. ಟಪ್ ಎಂದು ಮುರಿದರೆ ಸರಿ, ಬಾಗಿದರೆ ಬೇಡ.

ಬೀನ್ಸ್ ವಿಷಯದಲ್ಲಿ ನಮ್ಮ ಕೈಗೆ ಪಲ್ಯದ ರೂಢಿ ಅಂಟಿಕೊಂಡಿದೆ. ಒಗ್ಗರಣೆಗೆ ಸುರಿದು, ಉಪ್ಪು ಹಾಕಿ, ನೀರು ಚಿಮುಕಿಸಿ, ತಟ್ಟೆ ಮುಚ್ಚುತ್ತೇವೆ. ಮೇಲೆ ತೆಂಗಿನತುರಿ ಬಿದ್ದ ಆ ಪಲ್ಯಕ್ಕೆ ಸಾಟಿಯಿಲ್ಲ, ಅದನ್ನು ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಹುರಿಯುವ ಅಡುಗೆಯಲ್ಲಿ ಮುಚ್ಚಳಕ್ಕೆ ಜಾಗವಿಲ್ಲ. ಮೊದಲೇ ಉಪ್ಪು ಹಾಕಿದರೆ ಅದು ತರಕಾರಿಯೊಳಗಿನ ನೀರನ್ನು ಹೊರಗೆಳೆಯುತ್ತದೆ, ಆದ್ದರಿಂದ ಉಪ್ಪು ಕೊನೆಗೆ. ಬೀನ್ಸ್ ಓರೆಯಾಗಿ ತೆಳ್ಳಗೆ ಹೆಚ್ಚಿದರೆ ಹಾಗೆಯೇ ಬೇಯುತ್ತದೆ. ದಪ್ಪನೆಯ ತುಂಡೇ ಬೇಕೆಂದರೆ ಕುದಿಯುವ ನೀರಿನಲ್ಲಿ ಎರಡು ನಿಮಿಷ ಬೇಯಿಸಿ, ಬಸಿದು, ಪೂರ್ತಿ ಆರಿಸಿಕೊಳ್ಳಿ.

ಬಾಣಲೆ ಕಬ್ಬಿಣದ್ದಾದರೆ ಒಳ್ಳೆಯದು. ನಾನ್‌ಸ್ಟಿಕ್ ಪಾತ್ರೆಯನ್ನು ಎಣ್ಣೆಯಿಲ್ಲದೆ ಜೋರು ಉರಿಯಲ್ಲಿ ಕಾಯಿಸುವುದು ಸರಿಯಲ್ಲ, 260 ಡಿಗ್ರಿ ದಾಟಿದರೆ ಅದರ ಲೇಪನ ಕೆಡಲು ಶುರುವಾಗುತ್ತದೆ. ಖಾಲಿ ಕಬ್ಬಿಣದ ಬಾಣಲೆ ಕಾಯಿಸಿ ಒಂದು ಹನಿ ನೀರು ಹಾಕಿ. ಹನಿ ಅಲ್ಲೇ ಹರಡಿ ಕುದಿದರೆ ಇನ್ನೂ ಕಾಯಬೇಕು. ಗುಂಡಗಾಗಿ ಉರುಳಾಡಿದರೆ ಹದ ಬಂತು. ಹನಿ ಪೂರ್ತಿ ಆರಿದ ಮೇಲೆಯೇ ಎಣ್ಣೆ ಹಾಕಿ, ಇಲ್ಲದಿದ್ದರೆ ಸಿಡಿಯುತ್ತದೆ. ರಿಫೈನ್ಡ್ ಕಡಲೆಕಾಯಿ ಎಣ್ಣೆ ಜೋರು ಉರಿಗೆ ತಡೆಯುತ್ತದೆ. ಗಾಣದ ಎಣ್ಣೆ ಬೇಗ ಹೊಗೆಯಾಡುತ್ತದೆ, ಅದನ್ನೇ ಬಳಸುವವರು ಉರಿ ಸ್ವಲ್ಪ ತಗ್ಗಿಸಿ.

ಇನ್ನು ಮುಂದೆ ಕಿವಿಯ ಕೆಲಸ. ಕ್ಯಾರೆಟ್, ಬೀನ್ಸ್ ಬಿದ್ದ ಕೂಡಲೇ 'ಚುರ್ರ್' ಎಂಬ ಒಣ ಸದ್ದು ಏಳಬೇಕು, ಎದ್ದದ್ದು ನಿಲ್ಲಬಾರದು. ತರಗತಿಯಲ್ಲಿ ಒಬ್ಬರು ಕಾಲು ಎಲೆಕೋಸನ್ನೂ ಎರಡು ಕ್ಯಾರೆಟ್ಟನ್ನೂ ಒಟ್ಟಿಗೇ ಸುರಿದರು. ಮೊದಲ ಅರ್ಧ ನಿಮಿಷ ಸದ್ದು ಚೆನ್ನಾಗಿಯೇ ಇತ್ತು. ಆಮೇಲೆ ತಗ್ಗಿತು, ಆಮೇಲೆ 'ಗುಳುಗುಳು' ಶುರುವಾಯಿತು. ಬಾಗಿ ನೋಡಿದರೆ ರಾಶಿಯ ಅಡಿಯಲ್ಲಿ ಸುತ್ತಲೂ ಸಣ್ಣ ಗುಳ್ಳೆಗಳು, ಕೋಸಿನ ಅಂಚು ಬಿಳುಪು ಕಳೆದುಕೊಂಡು ಗಾಜಿನಂತೆ ಪಾರದರ್ಶಕ. ಅರ್ಧವನ್ನು ತಟ್ಟೆಗೆ ತೆಗೆಸಿದೆ. ಉಳಿದದ್ದನ್ನು ಬಾಣಲೆಯ ಬದಿಗೆಲ್ಲ ಹರಡಿಸಿ, ಸೌಟು ಕೆಳಗಿಡಿಸಿದೆ. ತಳದ ನೀರು ಆರುತ್ತಿದ್ದಂತೆ ಸದ್ದು ಮತ್ತೆ ಒಣಗಿತು, ಕ್ಯಾರೆಟ್ಟಿನ ಅಂಚಿನಲ್ಲಿ ಕಂದು ಚುಕ್ಕೆ ಮೂಡಿತು. ಸದ್ದು ಮಂಕಾಯಿತೆಂದರೆ ಒಂದೋ ತರಕಾರಿ ಹೆಚ್ಚಾಗಿದೆ, ಇಲ್ಲವೇ ಉರಿ ಸಾಲದು. ಎರಡಕ್ಕೂ ಪರಿಹಾರ ನಿಮ್ಮ ಕೈಯಲ್ಲೇ ಇದೆ.

ಮೂರು ಜನರಿಗೆ ಒಂದು ಹಿಡಿ ಬೀನ್ಸ್, ಒಂದು ಕ್ಯಾರೆಟ್, ಕಾಲು ಎಲೆಕೋಸು, ಒಂದು ದಪ್ಪ ಮೆಣಸಿನಕಾಯಿ ಸಾಕು. ಎರಡು ಕಂತಿನಲ್ಲಿ ಹುರಿಯಿರಿ, ಗಟ್ಟಿ ತರಕಾರಿ ಮೊದಲು, ಮೆತ್ತನೆಯದು ಆಮೇಲೆ. ನವಿಲುಕೋಸನ್ನು ಕಡ್ಡಿಯಂತೆ ಹೆಚ್ಚಿ ಹಾಕಿ ನೋಡಿ, ಈ ಅಡುಗೆಗೆ ಅಷ್ಟು ಒಗ್ಗುವ ತರಕಾರಿಯನ್ನು ನಾವು ಸಾಂಬಾರಿಗೆ ಮಾತ್ರ ಮೀಸಲಿಟ್ಟಿದ್ದೇವೆ. ಬೆಳ್ಳುಳ್ಳಿ, ಶುಂಠಿ ಕೊನೆಯ ಒಂದು ನಿಮಿಷಕ್ಕೆ ಬೀಳಲಿ. ಮೊದಲೇ ಹಾಕಿದರೆ ಈ ಉರಿಗೆ ಕರಕಲಾಗಿ ಕಹಿಯಾಗುತ್ತದೆ.

ಹೊಟ್ಟೆ ತುಂಬುವ ಊಟವಾಗಬೇಕಾದರೆ ಇದಕ್ಕೆ ಪ್ರೋಟೀನ್ ಸೇರಲೇಬೇಕು. 200 ಗ್ರಾಂ ತೋಫುವನ್ನು (ಸೋಯಾ ಪನೀರ್) ಬಟ್ಟೆಯಲ್ಲಿ ಸುತ್ತಿ, ಮೇಲೆ ಭಾರ ಹೇರಿ ಕಾಲು ಗಂಟೆ ಬಿಡಿ. ಎಲ್ಲಕ್ಕಿಂತ ಮೊದಲು ಅದನ್ನೇ ಹುರಿದು ತೆಗೆದಿಡಿ. ಬಾಣಲೆಗೆ ಅಂಟಿದ್ದನ್ನು ಕೆರೆಯಬೇಡಿ, ತಳ ಕೆಂಪಾದ ಮೇಲೆ ತಾನಾಗಿಯೇ ಬಿಡುತ್ತದೆ. ತೋಫು ಇಷ್ಟವಿಲ್ಲದವರಿಗೆ ಹುರಿದ ಕಡಲೆಕಾಯಿ ಬೀಜ ಇದೆ, ಚಳಿಗಾಲದಲ್ಲಿ ಬೇಯಿಸಿದ ಅವರೆಕಾಳಿದೆ.

ಸಾಸಿಗೆ ಒಂದು ದೊಡ್ಡ ಚಮಚ ಸೋಯಾ ಸಾಸ್, ಒಂದೊಂದು ಚಿಕ್ಕ ಚಮಚ ಹುಣಸೆರಸ ಮತ್ತು ಬೆಲ್ಲದ ಪುಡಿ, ಅರ್ಧ ಚಿಕ್ಕ ಚಮಚ ಕಾರ್ನ್ ಫ್ಲೋರ್, ಮೂರು ದೊಡ್ಡ ಚಮಚ ತಣ್ಣೀರು. ಮೊದಲೇ ಬೆರೆಸಿಟ್ಟು, ಹುರಿದದ್ದೆಲ್ಲ ಬಾಣಲೆಗೆ ಮರಳಿದ ಮೇಲೆ ಬದಿಯಿಂದ ಸುರಿಯಿರಿ. ಅರ್ಧ ನಿಮಿಷದಲ್ಲಿ ಮಂದವಾಗಿ ತರಕಾರಿಗೆ ಅಂಟುತ್ತದೆ. ಒಂದು ದೊಡ್ಡ ಚಮಚ ಸೋಯಾ ಸಾಸಿನಲ್ಲಿ ಎರಡು ಗ್ರಾಮಿಗಿಂತ ಹೆಚ್ಚು ಉಪ್ಪಿರುತ್ತದೆ, ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಗಾಗಿ ರುಚಿ ನೋಡದೆ ಮೇಲೆ ಉಪ್ಪು ಉದುರಿಸಬೇಡಿ.

ಹಾಲು, ತುಪ್ಪವನ್ನೂ ಬಿಟ್ಟವರಿಗೆ ಒಂದು ಎಚ್ಚರಿಕೆ. ಪ್ಯಾಕೆಟ್ಟಿನ ಹಸಿರು ಚುಕ್ಕೆ ಸಸ್ಯಾಹಾರವೆಂದು ಹೇಳುತ್ತದೆ ಅಷ್ಟೆ, ಅದರಲ್ಲಿ ಹಾಲಿನ ಅಂಶ ಇರಬಹುದು. ಇಂಥ ವೀಗನ್ ಆಹಾರಕ್ಕೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2022ರಲ್ಲಿ ಪ್ರತ್ಯೇಕ ನಿಯಮ ಮತ್ತು ಗುರುತು ತಂದಿದೆ. ಆ ಗುರುತು ಕಾಣದಿದ್ದರೆ ಹಿಂಬದಿಯ ಪಟ್ಟಿ ಓದಿ.

ನಾಳೆಯ ಡಬ್ಬಿಗೂ ಬೇಕೆನ್ನುವವರು ಸಾಸ್ ಹಾಕುವ ಮೊದಲೇ ಒಂದು ಪಾಲು ತೆಗೆದು, ತಟ್ಟೆಯಲ್ಲಿ ಹರಡಿ ಆರಿಸಿ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಕಾದ ಬಾಣಲೆಯಲ್ಲಿ ಎರಡು ನಿಮಿಷ ಬಾಡಿಸಿ, ಕಡಲೆಕಾಯಿ ಚಟ್ನಿಪುಡಿ ಉದುರಿಸಿದರೆ ಚಪಾತಿಗೆ ಆಯಿತು.