ಹಲ್ಲಿನ ಗುರುತು ಎಣಿಸ್ತಾ ಕೂರಬೇಡಿ

ಬೇಲೂರು ಕಡೆಯ ಕಾಫಿ ತೋಟದಿಂದ ಹೋದ ಮಳೆಗಾಲದಲ್ಲಿ ಒಬ್ರನ್ನ ಹಾಸನಕ್ಕೆ ಕರ್ಕೊಂಡ್ ಬಂದ್ರು, ಕಳೆ ಕೀಳೋವಾಗ ಕಾಲಿಗೆ ಹುಳ ಮುಟ್ಟಿದೆ, ಅಂದ್ರೆ ಹಾವು ಕಚ್ಚಿದೆ ಅಂತ. ಜೊತೇಲಿ ಬಂದಿದ್ದ ಅವರಣ್ಣ ಬಾಗಿಲಲ್ಲೇ ಹೇಳಿದ್ರು, "ಡಾಕ್ಟ್ರೇ, ಒಂದೇ ಹಲ್ಲು ಕೂತಿರೋದು, ವಿಷದ್ದಲ್ಲ ಇದು, ಒಂದು ಟಿಟಿ ಕೊಟ್ಟು ಕಳ್ಸಿಬಿಡಿ." ಎರಡು ಗಂಟೆ ಕಳೆಯೋದ್ರೊಳಗೆ ತಮ್ಮನ ಒಸಡಲ್ಲಿ ರಕ್ತ ಜಿನುಗ್ತಿತ್ತು.

ಎರಡು ಚುಕ್ಕೆ ಇದ್ರೆ ವಿಷದ ಹಾವು, ಸಾಲಾಗಿ ಗೀರಿದ್ರೆ ಕೇರೆ, ಇದನ್ನ ನಾವೆಲ್ಲ ಚಿಕ್ಕಂದಿಂದ ಕೇಳ್ಕೊಂಡೇ ಬೆಳೆದಿದೀವಿ. ಪೂರ್ತಿ ಸುಳ್ಳೇನಲ್ಲ. ಕೇರೆ, ನೀರುಹಾವು, ಹೆಬ್ಬಾವಿಗೆಲ್ಲ ವಿಷದ ಹಲ್ಲು ಇಲ್ಲ, ಮೇಲೆ ನಾಲ್ಕು ಸಾಲು ಕೆಳಗೆ ಎರಡು ಸಾಲು ಸಣ್ಣ ಹಲ್ಲು, ಎಲ್ಲಾ ಗಂಟಲ ಕಡೆಗೇ ಬಾಗಿರ್ತವೆ, ಯಾಕಂದ್ರೆ ಅವು ಅಗಿಯೋಕಲ್ಲ, ಇಲಿನೋ ಕಪ್ಪೇನೋ ಜಾರದ ಹಾಗೆ ಹಿಡಿದು ಒಳಗೆ ತಳ್ಳೋಕೆ. ಹಸಿರು ಹಾವಿಗೆ ವಿಷದ ಹಲ್ಲಿದೆ ಆದ್ರೆ ಬಾಯಿ ಹಿಂಭಾಗದಲ್ಲಿ, ವಿಷಾನೂ ಸೌಮ್ಯ, ಅದು ಕಣ್ಣು ಕುಕ್ಕುತ್ತೆ ಅಂತ ಪಾಪ ಎಷ್ಟು ಹೊಡೆದು ಸಾಯಿಸ್ತಾರೋ.

ಮಂಡಲದ ಜಾತಿದು ಬೇರೇನೇ. ಕೊಳಕುಮಂಡಲದ ಹಲ್ಲು ಉದ್ದ, ಒಳಗೆ ಇಂಜೆಕ್ಷನ್ ಸೂಜಿ ತರ ಟೊಳ್ಳು, ತೂತು ಮಾತ್ರ ತುದೀಲಲ್ಲ ತುದಿಗಿಂತ ಸ್ವಲ್ಪ ಹಿಂದೆ. ಅಷ್ಟುದ್ದದ್ದು ಬಾಯಿ ಮುಚ್ಚಿದ್ರೆ ಹಿಡಿಯಲ್ಲ, ಅದಕ್ಕೆ ಮಡಚೋ ಚಾಕು ತರ ಬಾಯಿಯ ಅಂಗುಳಕ್ಕೆ ಅಂಟ್ಕೊಂಡು ಮಲಗಿರುತ್ತೆ, ಹೊಡೆಯೋವಾಗ ಹಲ್ಲು ಕೂತಿರೋ ಪುಟ್ಟ ಮೂಳೇನೇ ತಿರುಗಿ ಹಲ್ಲು ಮುಂದಕ್ಕೆ ಎದ್ದು ನಿಲ್ಲುತ್ತೆ. ಓರೆಯಾಗಿ ಹೊಡೆದ್ರೆ ಒಂದೇ ಹಲ್ಲು ಕೂರಬಹುದು, ವಿಷ ಇಳಿಯೋಕೆ ಅಷ್ಟು ಸಾಕು. ಮೂರು ಚುಕ್ಕೇನೂ ನೋಡಿದೀನಿ, ಯಾಕಂದ್ರೆ ಹಾವಿನ ವಿಷದ ಹಲ್ಲು ಆಗಾಗ ಉದುರಿ ಹೊಸದು ಬರುತ್ತೆ, ಹಳೇದು ಬೀಳೋ ಮುಂಚೆನೇ ಹೊಸದು ಪಕ್ಕದಲ್ಲಿ ಬಂದು ನಿಂತಿರುತ್ತೆ. ಹಾವಾಡಿಗರು ಹಲ್ಲು ಕಿತ್ತಿದೀವಿ ಅಂತ ಹೇಳೋ ನಾಗರಹಾವನ್ನೂ ಇದಕ್ಕೇ ನಂಬಬಾರದು.

ನಾಗರಹಾವಿನ ಹಲ್ಲು ಮಡಚಲ್ಲ, ಮುಂದೆ ನೆಟ್ಟಗೆ ಕೂತಿರುತ್ತೆ, ಅದಕ್ಕೇ ಗಿಡ್ಡ. ಕಾಳಿಂಗನದ್ದೂ ಅಷ್ಟೇ, ಹಾವು ಅಷ್ಟುದ್ದ ಇದ್ರೂ ಹಲ್ಲು ಮಂಡಲದಷ್ಟು ಉದ್ದ ಇಲ್ಲ.

ನನಗೆ ನಿಜವಾಗ್ಲೂ ಭಯ ಇರೋದು ಕಟ್ಟಹಾವಿನದ್ದು. ಅದೂ ನಾಗರಹಾವಿನ ಕುಟುಂಬದ್ದೇ, ಹಲ್ಲು ಎರಡು ಮೂರು ಮಿಲಿಮೀಟರ್ ಅಷ್ಟೆ. ರಾತ್ರಿ ನೆಲದ ಮೇಲೆ ಮಲಗಿರೋರಿಗೆ ಕಚ್ಚುತ್ತೆ, ಊತ ಇಲ್ಲ, ಉರಿ ಇಲ್ಲ, ಎಷ್ಟೋ ಸಲ ಗುರುತೂ ಇಲ್ಲ, ಸೊಳ್ಳೆ ಅಂತ ಕೆರ್ಕೊಂಡು ಮತ್ತೆ ಮಲಗ್ತಾರೆ. ಬೆಳಗಿನ ಜಾವ ಹೊಟ್ಟೆನೋವು, ಆಮೇಲೆ ರೆಪ್ಪೆ ಎತ್ತೋಕಾಗಲ್ಲ, ನುಂಗೋಕಾಗಲ್ಲ, ಉಸಿರು ಸೋಲುತ್ತೆ. ಅರಸೀಕೆರೆ ಕಡೆಯ ಒಂದು ಹುಡುಗೀನ ಒಂದು ಕ್ಲಿನಿಕ್ಕಲ್ಲಿ ಗುರುತೇ ಇಲ್ಲ, ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಟ್ಟು ವಾಪಸ್ ಕಳಿಸಿದ್ರು. ನಮ್ಮ ಹತ್ರ ಬಂದಾಗ ಕಣ್ಣು ಮುಚ್ಕೊಂಡಿತ್ತು ಮಗು, ಆದ್ರೆ ನಾವು ಮಾತಾಡೋದೆಲ್ಲ ಅದಕ್ಕೆ ಕೇಳಿಸ್ತಿತ್ತು, ಬೆರಳು ಆಡಿಸಿ ಹೌದು ಅಂತಿತ್ತು. ವೆಂಟಿಲೇಟರ್ ಸಿಕ್ಕಿದ್ದಕ್ಕೆ ಉಳೀತು.

ತೋಟದ ದರಗಲ್ಲಿ ಸಿಗೋ ಪುಟ್ಟ ಗುಳಿಮಂಡಲ, ಮೂಗಿನ ತುದಿ ಮೇಲೆದ್ದಿರುತ್ತಲ್ಲ ಅದು, ಅದಕ್ಕೂ ಮಡಚೋ ಹಲ್ಲೇ. ನಮ್ಮಲ್ಲಿ ಸಿಗೋ ಔಷಧಿ ನಾಗರ, ಕಟ್ಟಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಮಾಡಿರೋದು, ಇದಕ್ಕೆ ಕೆಲಸ ಮಾಡಲ್ಲ. ಚಿಕ್ಕದು ಅಂತ ಮನೇಲಿ ಕೂತ್ರೆ ಕಿಡ್ನಿಗೆ ಪೆಟ್ಟು ಬೀಳಬಹುದು, ಹಂಗಾಗಿ ಇದು ಕಚ್ಚಿದ್ರೂ ಆಸ್ಪತ್ರೇಲೇ ಇರಬೇಕು.

ಹಂಗಾಗಿ ನಾನು ಗಾಯ ಒಂದ್ಸಲ ನೋಡ್ತೀನಿ, ಅದರ ಮೇಲೆ ತೀರ್ಮಾನ ಮಾಡಲ್ಲ. ರೆಪ್ಪೆ ನೋಡ್ತೀನಿ, ಒಸಡು ನೋಡ್ತೀನಿ, ಒಣಗಿದ ಹೊಸ ಗಾಜಿನ ಟ್ಯೂಬಿಗೆ 2 ಎಂಎಲ್ ರಕ್ತ ಹಾಕಿ 20 ನಿಮಿಷ ಅಲ್ಲಾಡಿಸದೆ ಇಡ್ತೀವಿ, ಹೆಪ್ಪು ಕಟ್ಟುತ್ತಾ ನೋಡೋಕೆ, ಮಂಡಲದ ವಿಷ ಏರಿದ್ರೆ ರಕ್ತ ಹೆಪ್ಪು ಕಟ್ಟಲ್ಲ. ಪ್ಲಾಸ್ಟಿಕ್ ಆಗಲ್ಲ, ಸೋಪು ಹಾಕಿ ತೊಳೆದಿದ್ದೂ ಆಗಲ್ಲ. ಏನೂ ಇಲ್ಲ ಅಂದ್ರೂ 24 ಗಂಟೆ ವಾರ್ಡಲ್ಲೇ ಇಟ್ಕೊಳ್ತೀವಿ, ಮನೆಯವರು ಬೈಕೊಂಡ್ರೂ ಪರ್ವಾಗಿಲ್ಲ.

ಬೇಲೂರಿನೋರ ಟ್ಯೂಬು 20 ನಿಮಿಷ ಆದ್ಮೇಲೆ ಓರೆ ಮಾಡಿ ಅವರಣ್ಣನಿಗೇ ತೋರಿಸ್ದೆ, ರಕ್ತ ಹೆಪ್ಪೇ ಕಟ್ಟಿರ್ಲಿಲ್ಲ, ನೀರಿನ ಹಾಗೆ ಹರೀತು. ಅವರು ಮತ್ತೆ ಹಲ್ಲಿನ ಮಾತೆತ್ತಲಿಲ್ಲ, "ಔಷಧಿ ಹಾಕಿ ಸಾರ್" ಅಂದ್ರು.